ಆಮಿಶ್ ಊರಿನ ಹುಡುಗಿ, ನಮ್ಮ ಹೊಲದ ಪಂಕ್ತಿ

ಹಸಿ ತೊಗರಿಕಾಯಿ ಸುಲಿಯಲು ಕೈ ಬೇಕು, ಕಣ್ಣು ಅರ್ಧ ಸಾಕು, ಕಿವಿಗಂತೂ ಕೆಲಸವೇ ಇಲ್ಲ. ಆದ್ದರಿಂದಲೇ, ಓದುಗ ಮಿತ್ರರೇ, ಎಳ್ಳಮಾವಾಸ್ಯೆ ಹತ್ತಿರವಾದಂತೆ ಗಡಿಯೂರು ಮುರುಮದ ನಮ್ಮ ಮನೆಯ ಪಡಸಾಲೆಯಲ್ಲಿ ಕಾಯಿಯ ರಾಶಿಯ ಜೊತೆ ಒಂದು ಕಥೆಯೂ ಬಂದು ಕೂರುತ್ತದೆ. ಈ ಸಲ ನಾನು ಹೇಳಿದ್ದು ಮೊಬೈಲಿನಲ್ಲಿ ಓದುತ್ತಿದ್ದ ಇಂಗ್ಲಿಷ್ ಕಾದಂಬರಿ. ಪ್ರಣಯವೂ ಪತ್ತೇದಾರಿಯೂ ಬೆರೆತದ್ದು. ಅಮೆರಿಕದ ಆಮಿಶ್ ಜನರ ಊರು. ಅವರು ಕಾರು ಇಟ್ಟುಕೊಳ್ಳದೆ ಕುದುರೆಗಾಡಿಯಲ್ಲಿ ಓಡಾಡುತ್ತಾರೆ, ಮನೆಗೆ ವಿದ್ಯುತ್ ತಂತಿ ಎಳೆಸುವುದಿಲ್ಲ.

"ಕರೆಂಟ್ ಇಲ್ಲಾ? ಹಂಗಾದ್ರ ನಮ್ಮ ಮುರುಮದಂಗೇ ಅದ ಬಿಡು," ಎಂದರು ನಮ್ಮತ್ತೆ.

ಅಲ್ಲಿಂದ ಆ ಊರು ಅವರಿಗೆ ನೆರೆಯೂರೇ ಆಯಿತು. ಕಥೆಯ ಹುಡುಗಿ ಹೊರಗಿನವನೊಬ್ಬನನ್ನು ಮೆಚ್ಚುತ್ತಾಳೆ. ಅದೇ ಹೊತ್ತಿಗೆ ಯಾರೋ ಊರವರ ಕೊಟ್ಟಿಗೆಗಳಿಗೆ ಬೆಂಕಿ ಇಡುತ್ತಿದ್ದಾರೆ, ಎಲ್ಲರ ಅನುಮಾನ ಆ ಹುಡುಗನ ಮೇಲೆ. ಆಮಿಶ್ ಪಂಥದ ದೀಕ್ಷೆ ಪಡೆದ ಈ ಹುಡುಗಿ ಅವನನ್ನು ಕಟ್ಟಿಕೊಂಡು ಹೊರನಡೆದರೆ ಬಹಿಷ್ಕಾರ: ಹೆತ್ತ ತಾಯಿಯೂ ಅವಳ ಜೊತೆ ಕೂತು ಉಣ್ಣುವಂತಿಲ್ಲ.

ಇಲ್ಲಿಗೆ ಬಂದಾಗ ನನ್ನ ನಾದಿನಿ ಶೋಭಾ ತಲೆ ಎತ್ತಲಿಲ್ಲ. ಉಮರ್ಗಾದ ಶಾಲೆಯಲ್ಲಿ ಪಾಠ ಹೇಳುವ ಈಕೆ ಲೋಹಾರಾದ ದನದ ಡಾಕ್ಟರ್ ಮಾಳಪ್ಪನನ್ನು ಮೆಚ್ಚಿದ್ದಳು. ನಮ್ಮದು ಲಿಂಗ ಕಟ್ಟಿಕೊಂಡ ಮನೆತನ; ಅವರದು ಬೀರಪ್ಪನಿಗೆ ನಡೆದುಕೊಳ್ಳುವ, ಕುರಿ ಸಾಕಿದ ಮನೆತನ. ಅತ್ತೆ ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ, ಮಗಳ ಜೊತೆ ಮಾತು ಬಿಟ್ಟರು. ಅವ್ವ ಒಪ್ಪದೆ ಮದುವೆಯಿಲ್ಲ ಎಂದು ಶೋಭಾ ಕೂಡ ಪಟ್ಟು ಹಿಡಿದಿದ್ದಳು. ಕಥೆಯ ಹೊತ್ತಿಗೆ ಮಾತ್ರ ತಾಯಿ ಮಗಳು ಒಂದೇ ಮೊರದ ಮುಂದೆ ಕೂರುತ್ತಿದ್ದರು.

"ಮಗಳಿಗಿ ಬ್ಯಾರೆ ಕೂಡ್ಸಿ ಉಣ್ಲಾಕ ಹಾಕ್ತಾಳಂತ? ಅಕಿ ಎಂಥಾ ತಾಯಿ?" ಎಂದು ಅತ್ತೆ ಸಿಡುಕಿದರು.

ನಾನು ನಗು ನುಂಗಿಕೊಂಡೆ. ಕಂಡವರ ಮನೆಯ ನ್ಯಾಯ ಹೇಳುವುದು ಎಷ್ಟು ಸಲೀಸು! ಸಾಗರದಾಚೆಯ ಕಥೆಯೊಂದು ನಮ್ಮಿಂದ ಧಾರಾಳವಾಗಿ ತೀರ್ಪು ಹೇಳಿಸಿಕೊಂಡು, ಆಮೇಲೆ ಸದ್ದಿಲ್ಲದೆ ನಮ್ಮನ್ನೇ ಕಟಕಟೆಯಲ್ಲಿ ನಿಲ್ಲಿಸಿಬಿಡುತ್ತದೆ. ಅತ್ತೆಯೂ ಅದನ್ನು ಅರಿತರೋ ಏನೋ, ಆ ಸಂಜೆ ಬೇಗನೆ ಎದ್ದುಹೋದರು.

ಅಮಾವಾಸ್ಯೆಯ ದಿನ ಗುಂಜೋಟಿಯ ಹೊಲಕ್ಕೆ ಹೋದೆವು. ಜೋಳದ ದಂಟಿನ ಗುಡಿಸಲಿನ ಮುಂದೆ ಪೂಜೆ ಮುಗಿಸಿ, ಕಂಬಳಿ ಹಾಸಿ, ಹಸಿ ಕಾಳು ಸೊಪ್ಪು ಬೆರೆಸಿ ಬೇಯಿಸಿದ ಬಜ್ಜಿ, ಸಜ್ಜೆರೊಟ್ಟಿ, ಅಂಬಲಿ ಹರವಿಕೊಂಡು ಪಂಕ್ತಿ ಕೂತಿತು. ಆ ದಿನ ಬದುವಿನ ಮೇಲೆ ಯಾರೇ ಹಾದುಹೋಗಲಿ, ಕರೆದು ಉಣಿಸಲೇಬೇಕು. ಹಸಿದು ಹೋದರೆ ಹೊಲ ಮುನಿಯುತ್ತದೆಂದು ಅತ್ತೆಯ ದೃಢವಾದ ನಂಬಿಕೆ. ಅಷ್ಟರಲ್ಲಿ ಪಕ್ಕದ ಹೊಲದಲ್ಲಿ ಆಕಳಿಗೆ ಹೆರಿಗೆ ಮಾಡಿಸಿ ಬರುತ್ತಿದ್ದ ಮಾಳಪ್ಪ ಬೈಕಿನ ಮೇಲೆ ಕಾಣಿಸಿಕೊಂಡ. ನಮ್ಮನ್ನು ಕಂಡವನೇ ತಲೆ ತಗ್ಗಿಸಿ ವೇಗ ಹೆಚ್ಚಿಸಿದ. ಶೋಭಾಳ ಕೈಯ ಸೌಟು ನಿಂತಿತು.

ಅತ್ತೆ ಎದ್ದು ಸೆರಗು ತಲೆಗೆಳೆದುಕೊಂಡರು. "ಏ ಡಾಕ್ಟ್ರೇ, ಉಣ್ದೇ ಎಲ್ಲಿಗಿ ಹೊಂಟ್ರಿ? ಬರ್ರಿ!"

ಬಂದವನು ಕಂಬಳಿ ಬಿಟ್ಟು ದೂರದ ಮಣ್ಣಿನ ಮೇಲೆ ಕೂತ. ಕರೆದು ಉಣಿಸಿದರೆ ಪದ್ಧತಿ ತೀರಿತು, ಪಕ್ಕದಲ್ಲಿ ಕೂರಿಸಿಕೊಳ್ಳಲು ಯಾರ ಕಟ್ಟಳೆಯೂ ಇರಲಿಲ್ಲ. ಅತ್ತೆ ಆ ಒಂಟಿ ತಾಟನ್ನು ಒಂದು ಗಳಿಗೆ ನೋಡಿದರು.

"ಅಲ್ಯಾಕ ಕುಂತ್ರಿ? ಇಲ್ಲಿ, ನನ್ನ ಬಾಜೂಕ ಬರ್ರಿ." ಆಮೇಲೆ, ಎಷ್ಟೋ ದಿನಗಳ ನಂತರ, ಮಗಳ ಹೆಸರು ಹಿಡಿದರು: "ಶೋಭಾ, ಇವ್ರಿಗಿ ಬಜ್ಜಿ ನೀಡವ್ವಾ."

ಅವಳು ಅಳುತ್ತಲೇ ನಕ್ಕಳು. ಊಟವಾದ ಮೇಲೆ ಅತ್ತೆ ಅವನ ತಾಯಿಗೇ ಫೋನ್ ಹಚ್ಚಿಸಿಕೊಂಡು, ಇಡೀ ಗುಂಜೋಟಿಗೆ ಕೇಳುವಂತೆ ಕೂಗಿದರು:

"ಅಕ್ಕಾ, ನಾ ಶೋಭಾನ ಅವ್ವ ಮಾತಾಡ್ಲತೀನ್ರಿ. ನಿಮ್ಮ ಮಗ ನಮ್ಮ ಪಂಗತ್ತಿನ್ಯಾಗ ಕುಂತು ಉಂಡಾನ. ನಿಮ್ಮ ಪಂಗತ್ತಿಗಿ ನಾವು ಎಂದ ಬರೂಣ್ರಿ?"