ಓದದೆ ಅಚ್ಚು ಹಾಕಬೇಕಿದ್ದ ಹದಿನಾರು ಪುಟ

ಸವಣೂರಿನ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಪಹಣಿ, ಆಧಾರ್, ಲಗ್ನಪತ್ರಿಕೆ, ಡಿಗ್ರಿ ಹುಡುಗಿಯರ ನೋಟ್ಸು, ದಿನವಿಡೀ ಇವೇ. ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಪುಟ ಜೋಡಿಸಿ ಪಿನ್ನು ಹೊಡೆಯುವುದು ಅವ್ವನ ಕೆಲಸ. ನನಗೆ ಮೂವತ್ತೆಂಟು. ಲಗ್ನವಾಗಿಲ್ಲ. ಯಾಕೆಂದು ಕೇಳುವ ಬಳಗದವರು ಕೇಳಿ ಕೇಳಿ ದಣಿದಿದ್ದಾರೆ. ಅವ್ವ ಮಾತ್ರ ಒಮ್ಮೆಯೂ ಕೇಳಿಲ್ಲ. ನನ್ನನ್ನು ಹೆಚ್ಚು ಕಾಡುವುದು ಅದೇ.

ನನಗೆ ಹೆಣ್ಣುಮಕ್ಕಳ ಮೇಲೇ ಮನಸ್ಸು ಎಂಬುದು ಹಾನಗಲ್ಲಿನ ಹಾಸ್ಟೆಲಿನಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲೇ ಗೊತ್ತಾಗಿತ್ತು. ಗೊತ್ತಾದ ಮೇಲೆ ನನ್ನಂಥವರನ್ನು ಹುಡುಕಿದೆ. ಊರಿನಲ್ಲಿ ಹುಡುಕುವ ಧೈರ್ಯವಿರಲಿಲ್ಲ, ಸಿನಿಮಾದಲ್ಲಿ ಹುಡುಕಿದೆ. ಆಗಿನ ಸಿನಿಮಾಗಳಲ್ಲಿ ಇದ್ದವನು ಸೊಂಟ ತಿರುವಿ ನಡೆಯುವ ಒಬ್ಬ ಗಂಡಸು. ಅವನು ಬಂದ ಕೂಡಲೇ ಟಾಕೀಸಿನ ತುಂಬ ಸಿಳ್ಳೆ. ಗೆಳತಿಯರ ನಡುವೆ ಕೂತು ನಾನೂ ನಗುತ್ತಿದ್ದೆ. ಈಚೆಗೆ ಫೋನಿನಲ್ಲಿ ಬರುವ ಸಿನಿಮಾಗಳಲ್ಲಿ ಹೆಣ್ಣುಗಳೂ ಇದ್ದಾರೆ. ದೊಡ್ಡ ಗಾಜಿನ ಕಿಟಕಿಯ ಫ್ಲಾಟುಗಳಲ್ಲಿ ನಿಂತು ಇಂಗ್ಲಿಷಿನಲ್ಲಿ ಅಳುತ್ತಾರೆ. ಹಳ್ಳಿಯವರಾದರೆ ಸಾಯುತ್ತಾರೆ. ತರಿಸಿಕೊಂಡ ಕಾದಂಬರಿಗಳಲ್ಲೂ ಸಾವು ತಪ್ಪುತ್ತಿರಲಿಲ್ಲ. ಕಡೆಕಡೆಗೆ ಹೊಸ ಪುಸ್ತಕ ಕೈಗೆ ಬಂದರೆ ಕೊನೆಯ ಹತ್ತು ಪುಟ ಮೊದಲು ಓದುವ ಚಾಳಿ ಬಿತ್ತು, ಯಾರು ಉಳಿಯುತ್ತಾರೆ ಎಂದು ನೋಡಿಕೊಳ್ಳಲು. ಲ್ಯಾಮಿನೇಷನ್ ಮಷೀನಿನ ಹಿಂದೆ ಕೂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಸಿನಿಮಾ ನೋಡುವಾಗ ನನ್ನ ಕಾಲು ಒಂದೆಡೆ ನಿಲ್ಲುತ್ತಿರಲಿಲ್ಲ. "ಕಾಲು ಅಲ್ಲಾಡಸಬ್ಯಾಡ, ಟೇಬಲ್ ನಡಗಾಕತ್ತೈತಿ" ಎಂದು ಅವ್ವ ಅನ್ನುತ್ತಿದ್ದಳು.

ದೀಪಾವಳಿ ಮುಗಿದ ವಾರ ಒಬ್ಬ ಹೆಣ್ಣುಮಗಳು ಅಂಗಡಿಗೆ ಬಂದಳು. ನನಗಿಂತ ಐದಾರು ವರ್ಷ ಸಣ್ಣವಳಿರಬೇಕು. ಚೀಲದಿಂದ ಒಂದು ಕಂದು ಲಕೋಟೆ ತೆಗೆದಳು.

"ಚಿತ್ರ ಅದಾವ್ರಿ, ಹದಿನಾರು ಪುಟ. ನಡಕ ಮಡಚಿ ಪುಸ್ತಕ ಮಾಡಿ ಕೊಡ್ರಿ. ಹತ್ತು ಪ್ರತಿ ಸಾಕು."

ನಾನು ಲಕೋಟೆಗೆ ಕೈ ಚಾಚಿದೆ. ಅವಳು ಬಿಡಲಿಲ್ಲ. ದನಿ ತಗ್ಗಿಸಿ ಕೇಳಿದಳು, "ಓದದ ಪ್ರಿಂಟ್ ಮಾಡಾಕ ಆಗ್ತೈತೇನ್ರಿ?"

"ನಾವು ಯಾವುದೂ ಓದೂದಿಲ್ರಿ" ಎಂದೆ. ಅಲ್ಲಿಯವರೆಗೆ ಅದು ಖರೆ ಆಗಿತ್ತು.

ಮಾಸೂರಿನಿಂದ ಬಂದಿದ್ದೇನೆ, ಸಂಜೆಯ ಬಸ್ಸಿಗೆ ತಿರುಗಿ ಹೋಗಬೇಕು ಎಂದು ಹೇಳಿ ಊಟಕ್ಕೆ ಹೋದಳು. ಹದಿನಾರು ಪುಟಕ್ಕಾಗಿ ಹಿರೇಕೆರೂರು, ಹಾನಗಲ್ಲು ದಾಟಿ ಇಲ್ಲಿತನಕ ಬಂದವಳು. ನಾನು ಮೊದಲ ಪುಟ ಗಾಜಿನ ಮೇಲಿಟ್ಟೆ, ಓದಿಬಿಟ್ಟೆ. ಚೌಕ ಚೌಕದ ಚಿತ್ರಗಳಲ್ಲಿ ಹೇಳಿದ ಕತೆ.

ತಡಸದ ಒಂದು ಮನೆಯ ಮುಂದೆ ಇಬ್ಬರು ಹೆಣ್ಣುಮಕ್ಕಳು ಗೂಡ್ಸ್ ಗಾಡಿಯಿಂದ ಫ್ರಿಜ್ ಇಳಿಸುತ್ತಿದ್ದಾರೆ. ಒಬ್ಬಳು ಬಟ್ಟೆ ಹೊಲಿಯುವವಳು, ಇನ್ನೊಬ್ಬಳು ಟ್ರ್ಯಾಕ್ಟರ್ ಹೊಡೆಯುವವಳು. ಫ್ರಿಜ್ ಎಲ್ಲಿ ಇಡಬೇಕು ಎಂಬುದೇ ಇಡೀ ಕತೆ. ಅಡುಗೆಮನೆಯಲ್ಲಿ ಜಾಗವಿಲ್ಲ, ಪಡಸಾಲೆಯಲ್ಲಿ ಹೊಲಿಗೆ ಮಷೀನಿದೆ. ಉಳಿದದ್ದು ಮಲಗುವ ಕೋಣೆ. ಅಲ್ಲಿಟ್ಟರೆ ನೀರು ಕೇಳಿ ಬಂದವರು ಒಳಗೆ ಇಣುಕುತ್ತಾರೆ, ಮನೆಯಲ್ಲಿ ಹಾಸಿಗೆ ಒಂದೇ ಇರುವುದು ಕಾಣುತ್ತದೆ. ಆ ಚೌಕಕ್ಕೆ ಬಂದಾಗ ನಾನು ಮಷೀನು ನಿಲ್ಲಿಸಿದೆ. ಯಾರೂ ಸಾಯಲಿಲ್ಲ, ಯಾರೂ ಗಾಜಿನ ಕಿಟಕಿಯ ಮುಂದೆ ನಿಂತು ಅಳಲಿಲ್ಲ. ಫ್ರಿಜ್ ಕಟ್ಟೆಯ ಮೇಲೇ ನಿಂತಿತ್ತು, ಇಬ್ಬರೂ ಅದಕ್ಕೆ ಬೆನ್ನು ಕೊಟ್ಟು ಮಜ್ಜಿಗೆ ಕುಡಿಯುತ್ತಿದ್ದರು. ಮೊದಲ ಭಾಗ ಅಲ್ಲಿಗೆ ಮುಗಿದಿತ್ತು.

ನಾನು ಹನ್ನೊಂದು ಪ್ರತಿ ತೆಗೆದೆ. ಒಂದನ್ನು ಡ್ರಾಯರಿನಲ್ಲಿ ಬಚ್ಚಿಟ್ಟೆ.

ಆವತ್ತು ಸಂಜೆ ಅಂಗಡಿ ಗುಡಿಸುತ್ತ ಅವ್ವ ಕೇಳಿದಳು, "ಅಲ್ಲ, ಆ ಫ್ರಿಜ್ ಕಡೀಕ ಎಲ್ಲಿ ಇಟ್ರಂತ?"

ಪಿನ್ನು ಹೊಡೆಯುವಾಗ ಅವಳೂ ಓದಿದ್ದಳು. "ನನಗೇನ್ ಗೊತ್ತು" ಎಂದೆ.

"ಮಲಗೂ ಖೋಲ್ಯಾಗ ಇಟ್ರ ಏನಾಗ್ತೈತಿ" ಎಂದು ಅವ್ವ ಕಸ ಹೊರಗೆ ತಳ್ಳಿದಳು. ಅವಳಿಗೆ ಎಷ್ಟು ತಿಳಿದಿತ್ತು, ಏನು ತಿಳಿದಿತ್ತು, ನನಗೆ ಅಂದಾಜಾಗಲಿಲ್ಲ.

ಒಂದೂವರೆ ತಿಂಗಳಿಗೆ ಮಾಸೂರಿನವಳು ಎರಡನೆಯ ಭಾಗ ತಂದಳು. ಈ ಸಲ ಲಕೋಟೆ ಸಲೀಸಾಗಿ ಕೊಟ್ಟಳು. ಮೇಲಿನ ಪುಟದಲ್ಲಿ ಹೊಲಿಯುವವಳು ಟ್ರ್ಯಾಕ್ಟರಿನವಳಿಗೆ "ಊಟಾ ಮಾಡ್ರಿ" ಎನ್ನುತ್ತಿದ್ದಳು. ನನ್ನ ನಾಲಿಗೆ ತಡೆಯಲಿಲ್ಲ.

"ಒಂದ ಮನ್ಯಾಗ ಇರೋರು ಹಿಂಗ ರಿ ಹಚ್ಚಿ ಮಾತಾಡ್ತಾರೇನ್ರಿ? ಉಣ್ಣು ಬಾ ಅಂತಾಳ ಆಕಿ."

ಅವಳು ನನ್ನ ಮುಖ ನೋಡಿದಳು. "ಓದೂದಿಲ್ಲ ಅಂದಿದ್ರಿ."

ಏನಾದರೂ ಹೇಳಬೇಕಿತ್ತು, ಆದರೆ ಅವ್ವ ಸ್ಟೂಲಿನ ಮೇಲೆ ಇದ್ದಳು, ಹಿಂದೆ ಇಬ್ಬರು ಗಿರಾಕಿಗಳು ನಿಂತಿದ್ದರು. ಮಾಸೂರಿನವಳು ಹಾಳೆಗಳನ್ನೆಲ್ಲ ಎಳೆದುಕೊಂಡು ಲಕೋಟೆಗೆ ತುರುಕಿದಳು, ಹೋದಳು.

ಆಮೇಲಿನ ಎರಡು ತಿಂಗಳು ನಾನು ನೆಟ್ಟಗಿರಲಿಲ್ಲ. ಹಾನಗಲ್ಲಿನ ಬಸ್ಸು ನಿಂತಾಗಲೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಇಳಿಯುವವರನ್ನು ನೋಡುತ್ತಿದ್ದೆ. ಯಾರದೋ ಲಗ್ನಪತ್ರಿಕೆಯಲ್ಲಿ ವಧುವಿನ ಹೆಸರು ಇರುವಲ್ಲಿ ವರನ ಹೆಸರು ಹಾಕಿ ಬೈಸಿಕೊಂಡೆ. ತನಗೆ ನನ್ನಿಂದ ಏನೋ ಕೇಡಾಗುತ್ತದೆ ಎಂದು ಅವಳು ಹೆದರಿ ಕೂತಿದ್ದರೆ ಎಂಬ ಯೋಚನೆ ಬಿಡಲಿಲ್ಲ. ಕಡೆಗೊಂದು ಭಾನುವಾರ, ಹಾನಗಲ್ಲಿಗೆ ಕಾಗದ ತರಲು ಹೋಗುತ್ತೇನೆಂದು ಅವ್ವನಿಗೆ ಸುಳ್ಳು ಹೇಳಿ ಬಸ್ಸು ಹತ್ತಿದೆ. ಹಾನಗಲ್ಲಿನಲ್ಲಿ ಇಳಿದು ಮಾಸೂರಿನ ದಾರಿಯ ಬಸ್ಸು ಹಿಡಿದೆ. ಚಿಕ್ಕೇರೂರು ದಾಟಿದೆ. ಹಿರೇಕೆರೂರಿನಲ್ಲಿ ಮತ್ತೊಂದು ಬಸ್ಸು.

ಮಾಸೂರಿನಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಅವಳ ಹೆಸರೂ ನನಗೆ ಗೊತ್ತಿರಲಿಲ್ಲ. ಚಹಾದಂಗಡಿಯವನು ಲೋಟ ಕೊಡುತ್ತ ಕೇಳಿದ, "ಯಾರ ಮನೀಗ್ರಿ?"

ಚಿತ್ರ ಬರೆಯುವ ಹೆಣ್ಣುಮಗಳು ಎನ್ನಲು ಬಾಯಿ ತೆರೆದೆ. ಎಂಥ ಚಿತ್ರ ಎಂದು ಅವನು ಕೇಳುತ್ತಾನೆ. ಸವಣೂರಿನಿಂದ ಯಾರೋ ಹುಡುಕಿಕೊಂಡು ಬಂದಿದ್ದರು ಎಂಬ ಸುದ್ದಿ ಸಂಜೆಯೊಳಗೆ ಅವಳ ಮನೆಯ ಬಾಗಿಲಿಗೆ ಹೋಗುತ್ತದೆ. ಅವಳು ಅಷ್ಟು ದೂರ ಬಂದು ಕಾಪಾಡಿಕೊಂಡಿದ್ದನ್ನು ಒಂದು ಲೋಟ ಚಹಾದ ಹೊತ್ತಿನಲ್ಲಿ ನಾನೇ ಕೆಡಿಸುತ್ತಿದ್ದೆ.

"ಯಾರ ಮನಿಗೂ ಇಲ್ರಿ. ಕೆರಿ ನೋಡಾಕ ಬಂದೇನಿ."

ಹೇಳಿದ ತಪ್ಪಿಗೆ ಮದಗದ ಕೆರೆಯ ಏರಿಯ ಮೇಲೆ ಸ್ವಲ್ಪ ದೂರ ನಡೆದೆ. ಕೆಳಗಿನ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಹೆಂಗಸರು ತಲೆಯೆತ್ತಿ ನೋಡಿದರು. ಮುಂದಿನ ಬಸ್ಸಿಗೆ ತಿರುಗಿ ಬಂದೆ.

ಯುಗಾದಿಗೆ ಮುಂಚೆ ಅವಳಾಗಿಯೇ ಬಂದಳು. ಮಧ್ಯಾಹ್ನ, ಅವ್ವ ಊಟಕ್ಕೆ ಮನೆಗೆ ಹೋಗಿದ್ದ ಹೊತ್ತು. ನಿಂತೇ ಮಾತಾಡಿದಳು.

"ಶಿಗ್ಗಾಂವ್ಯಾಗ ಪ್ರಿಂಟ್ ಮಾಡಸಾಕ ಹೋಗಿದ್ನಿ. ಅಂಗಡ್ಯಾಂವ ಗೆಳ್ಯಾರಿಗೆ ತೋರಿಸಿ ನಗಾಕತ್ತಿದ. ಕಸಗೊಂಡ ಬಂದ್ನಿ. ನೀವು ಓದಿದ್ರಿ, ಆದ್ರ ನಗಲಿಲ್ಲ. ಅದಕ್ಕ ಬಂದೇನಿ."

ನಾನು ಡ್ರಾಯರ್ ಎಳೆದು ಹನ್ನೊಂದನೆಯ ಪ್ರತಿ ಅವಳ ಮುಂದಿಟ್ಟೆ. "ಇದು ಕದ್ದದ್ದ್ರಿ. ನಿಮಗ ಹೇಳದ ತಗದಿಟ್ಟಿದ್ನಿ."

"ಯಾಕ?"

"ನಾನೂ ಹಂಗ ಅದೀನ್ರಿ."

ಹಿಂದೆ ಮಷೀನು ಓಡುತ್ತಿತ್ತು. ಅವಳಿಗೆ ಕೇಳಿಸಲಿಲ್ಲ. "ಏನಂದ್ರಿ?" ಎಂದಳು. ಹತ್ತೊಂಬತ್ತು ವರ್ಷ ಬಾಯೊಳಗೇ ಇದ್ದ ಮಾತು ಅದು. ಮೊದಲ ಸಲ ಹೇಗೋ ಹೊರಬಿದ್ದಿತ್ತು. ಎರಡನೆಯ ಸಲಕ್ಕೆ ಮಷೀನು ಆರಿಸಿ, ಟೇಬಲ್ ಹಿಡಿದುಕೊಂಡು ಹೇಳಬೇಕಾಯಿತು. ಅವಳು ಅವ್ವನ ಸ್ಟೂಲಿನ ಮೇಲೆ ಕೂತಳು.

ತನ್ನ ಬಗ್ಗೆ ಹೇಳಿದಳು. ದನದ ದವಾಖಾನೆಯಲ್ಲಿ ಕೆಲಸ. ಹತ್ತು ಪ್ರತಿ ಹತ್ತು ಜನಕ್ಕೆ ಕೈಯಾರೆ ಕೊಡುತ್ತಾಳೆ, ಫೋನಿಗೆ ಹಾಕುವುದಿಲ್ಲ. "ನಮ್ಮ ಮಾತು ಆಡೂ ಇಬ್ಬರು ಹೆಣ್ಮಕ್ಳು, ಸಾಯದ ಇರೂವಂಥಾ ಒಂದು ಕತಿ ಓದಬೇಕಂತ ಭಾಳ ಹುಡುಕಿದ್ನಿ. ಸಿಗಲಿಲ್ಲ. ಮತ್ತೇನ್ ಮಾಡೂದು, ನಾನ ಬರದ್ನಿ." ಆಮೇಲೆ ಕೇಳಿದಳು, "ನನಗ ಚಿತ್ರ ಬರ್ತಾವ್ರಿ, ಮಾತು ಬರೂದಿಲ್ಲ. ನಾನು ಯಾರ ಜೋಡೀನೂ ಹಂಗ ಬಾಳೇವು ಮಾಡಿಲ್ಲ. ನೀವು ಮಾಡೀರೇನ್ರಿ?"

"ಇಲ್ರಿ."

"ಮತ್ತ ಉಣ್ಣು ಬಾ ಅಂತಾಳ ಅಂತ ಹೆಂಗ ಗೊತ್ತಾತು?"

ಇನ್ನು ಮುಂದೆ ಮಾತು ನೀವೇ ಬರೆದುಕೊಡಿ ಎಂದಳು. ಒಪ್ಪಿಕೊಂಡೆ.

ಈಗ ನಾಲ್ಕು ಭಾಗ ಆಗಿವೆ. ಅವಳು ಮಾತಿಗೆಂದು ಖಾಲಿ ಗುಳ್ಳೆಗಳನ್ನು ಬಿಟ್ಟು ಚಿತ್ರ ತರುತ್ತಾಳೆ, ನಾನು ತುಂಬುತ್ತೇನೆ. ಅಂಗಡಿಗೆ ಬರುವ ಗಂಡಹೆಂಡಿರು ಹೇಗೆ ಜಗಳವಾಡುತ್ತಾರೆ ಎಂದು ಕಿವಿಗೊಟ್ಟು ಕೇಳುತ್ತೇನೆ. ನಾಲ್ಕನೆಯ ಭಾಗಕ್ಕೆ ಪಿನ್ನು ಹೊಡೆಯುತ್ತಿದ್ದ ಅವ್ವನಿಗೆ ಒಂದು ದಿನ ಹೇಳಿಯೇಬಿಟ್ಟೆ, "ಅವ್ವಾ, ಇದರಾಗಿನ ಮಾತು ನಾನ ಬರದೇನಿ."

"ಗೊತ್ತೈತಿ" ಎಂದಳು. "ಟ್ರ್ಯಾಕ್ಟರ್ ಹೊಡಿಯಾಕಿ ನಿನ್ನಂಗ ಸಿಟ್ಟು ಮಾಡ್ತಾಳ." ಇನ್ನೆರಡು ಪುಸ್ತಕಕ್ಕೆ ಪಿನ್ನು ಹೊಡೆದ ಮೇಲೆ, ತಲೆ ಎತ್ತದೆ, "ಆಕಿಗೆ ಅವ್ವ ಇಲ್ಲೇನು? ಒಮ್ಮೆನೂ ಬರೂದಿಲ್ಲಲಾ ಕತ್ಯಾಗ" ಎಂದಳು.

ನಾನು ಅದನ್ನು ಮಾಸೂರಿಗೆ ಫೋನ್ ಮಾಡಿ ಹೇಳಿದೆ. ಐದನೆಯ ಭಾಗದ ಮೊದಲ ಪುಟದಲ್ಲಿ ತಾಯಿಯೊಬ್ಬಳು ಕೈಚೀಲ ಹಿಡಿದು ತಡಸದ ಆ ಮನೆಯ ಬಾಗಿಲಲ್ಲಿ ನಿಂತಿದ್ದಾಳೆ. ಅವಳ ಗುಳ್ಳೆಗೆ ನಾನು ಬರೆದದ್ದೆಲ್ಲ ಸಿನಿಮಾದ ಮಾತಾಗುತ್ತಿತ್ತು. ಒಂದೋ ಅವಳು ಎದೆ ಬಡಿದುಕೊಳ್ಳುತ್ತಿದ್ದಳು, ಇಲ್ಲವೇ ಒಮ್ಮೆಲೇ ಹರಸಿಬಿಡುತ್ತಿದ್ದಳು. ಮೂರು ವಾರ ಬರೆದು ಹೊಡೆದು ಹಾಕಿದೆ. ಕೊನೆಗೆ ಪುಟವನ್ನೇ ಅವ್ವನ ಮಡಿಲಲ್ಲಿಟ್ಟೆ.

"ಈಕಿ ಏನಂತಾಳ, ನೀನ ಹೇಳು."

ಅವ್ವ ಪುಟವನ್ನು ಕಣ್ಣಿನಿಂದ ದೂರ ಹಿಡಿದು ಬಹಳ ಹೊತ್ತು ನೋಡಿದಳು. "ಬಿಸಲಾಗ ಬಂದೇನಿ, ಮೊದಲ ಒಳಗ ಕರಿ, ಅಂತ ಬರಿ" ಎಂದಳು. ಪುಟ ನನ್ನ ಕೈಗೆ ಕೊಟ್ಟು, ಗಿರಾಕಿಯ ಪಹಣಿಗೆ ಪಿನ್ನು ಹೊಡೆಯತೊಡಗಿದಳು.

ಹಾಗೆಯೇ ಬರೆದೆ. ಅದರ ಪಕ್ಕದ ಗುಳ್ಳೆ ಮಗಳದು. ಪುಟ ಆಯಿತೇ ಎಂದು ಮಾಸೂರಿನಿಂದ ದಿನ ಬಿಟ್ಟು ದಿನ ಫೋನು ಬರುತ್ತಿದೆ. ಆ ಗುಳ್ಳೆಯಲ್ಲಿ ನಾನಿನ್ನೂ ಏನೂ ಬರೆದಿಲ್ಲ.