ವಾಲ್ವು ತಿರುಗಿಸಿದ್ದೇ ತಡ, ಸಭೆ ಖಾಲಿ

ಬೆಳಗಿನ ಐದೂವರೆ. ಮದ್ದೂರು ಕಡೆಯ ಕೊಪ್ಪದ ಆಚೆಗಿನ ಹಳ್ಳಿಯೊಂದರಲ್ಲಿ ನೀರುಗಂಟಿ ಕೆಂಪಸಿದ್ದಯ್ಯ ಓವರ್‌ಹೆಡ್ ಟ್ಯಾಂಕಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ವಾಲ್ವು ತಿರುಗಿಸುತ್ತಿದ್ದಾರೆ. ಪೈಪು ಗೊರಗೊರ ಅಂದದ್ದೇ ತಡ, ಬೀದಿಯುದ್ದಕ್ಕೂ ಬಿಂದಿಗೆಗಳ ಸದ್ದು. ಅವರ ಕತೆ ಕೇಳಲು ಬಂದು ಪಕ್ಕದಲ್ಲಿ ನಿಂತ ನನ್ನತ್ತ ತಿರುಗುತ್ತಾರೆ.

"ನೋಡಿ ಸಾರ್, ಕರೀದಿದ್ರೂವೆ ಎಂಗ್ ಬತ್ತರೆ! ಗ್ರಾಮಸಭೆಗೆ ಬನ್ನಿ ಅಂತ ಗಂಟ್ಲು ಅರ್ಕಂಡ್ರೂ ಒಬ್ರೂ ಬರಕಿಲ್ಲ."

ಇಪ್ಪತ್ತು ವರ್ಷದಿಂದ ಅವರದು ಇದೇ ಕೆಲಸ. ದಿನಕ್ಕೆರಡು ಸಲ ನೀರು ಬಿಡಬೇಕು, ಒಡೆದ ಪೈಪಿಗೆ ರಬ್ಬರು ಸುತ್ತಬೇಕು, ಸಭೆಯಿದ್ದರೆ ಆಟೊಗೆ ಮೈಕು ಕಟ್ಟಿ ಊರಿಗೆಲ್ಲ ಸಾರಬೇಕು, ಕುರ್ಚಿ ಹಾಕಬೇಕು. ಸಂಬಳ ತಡವಾಗಿ ಬರುತ್ತದೆ. ಬೈಗುಳ ಮಾತ್ರ ಸರಿಯಾದ ಹೊತ್ತಿಗೆ.

ಅವರ ಮನೆಯಿರುವ ಮೇಲಿನ ಬೀದಿಗೇ ನೀರು ಹತ್ತುವುದಿಲ್ಲ. ಹೊಸ ಪೈಪು ಹಾಕಲು ಗ್ರಾಮಸಭೆ ಒಪ್ಪಬೇಕು, ಸಭೆ ನಡೆಯಲು ಸಾಕಷ್ಟು ಜನ ಸೇರಬೇಕು. ಎರಡು ಸಲ ಸೇರಲಿಲ್ಲ. ಹುಡುಗರೆಲ್ಲ ಅರಳಿಕಟ್ಟೆಯ ಮೇಲೆ ಮೊಬೈಲು ನೋಡುತ್ತಾ ಕೂತಿದ್ದರು. "ಬನ್ರಲಾ" ಅಂದರೆ, "ನೀನೋಗಣ್ಣ, ನಮ್ದೂ ಸೇರ್ಸಿ ಕೈಯೆತ್ಬುಡು" ಅಂದರಂತೆ.

ಮೂರನೇ ಸಭೆಯ ದಿನ ಕೆಂಪಸಿದ್ದಯ್ಯ ಯಾರಿಗೂ ಹೇಳದೆ ಒಂದು ಉಪಾಯ ಹೂಡಿದರು. ನೀರೇ ಬಿಡಲಿಲ್ಲ. ಹನ್ನೊಂದರ ಹೊತ್ತಿಗೆ ಪಂಚಾಯ್ತಿ ಮುಂದೆ ಬೈಕುಗಳ ಸಾಲು. ಹುಡುಗರು ಕೂಗಾಡುತ್ತಾ ಒಳಗೆ ನುಗ್ಗಿದರು. ಸಭೆ ತುಂಬಿಹೋಯಿತು.

"ನಂಗೆ ಕುಸಿಯೋ ಕುಸಿ. ಬಂದವ್ರಲ್ಲ, ಪಾಪ, ಇನ್ಯಾಕ್ ಸತಾಯ್ಸದು ಅಂತ ಓಡೋಗಿ ನೀರ್ ಬುಟ್ಬುಟ್ಟೆ."

ಅಲ್ಲೇ ಎಡವಟ್ಟಾಯಿತು. ಮನೆಮನೆಯಿಂದ ಫೋನು: "ನೀರ್ ಬಂತು, ಬಾರ್ಲಾ!" ಪೈಪಿನ ಮಾತು ಬರುವ ಮೊದಲೇ ಬೈಕುಗಳೆಲ್ಲ ಮಾಯ. ಸಭೆ ಮತ್ತೆ ಮುಂದಕ್ಕೆ. ನೀರು ನಿಲ್ಲಿಸಿದ್ದಕ್ಕೆ ಪಂಚಾಯ್ತಿಯವರು ಬೈದರು, ತಡವಾಗಿ ಬಿಟ್ಟಿದ್ದಕ್ಕೆ ಊರ ಹೆಂಗಸರು ಬೈದರು, ಬೇಗ ಬಿಟ್ಟಿದ್ದಕ್ಕೆ ಹೆಂಡತಿ ದೇವಿರಮ್ಮ ಬೈದರು.

"ಯಾವ್ದು ತಪ್ಪು ಸಾರ್? ನಿಲ್ಸಿದ್ದೋ, ಬುಟ್ಟಿದ್ದೋ?"

ನಾನೂ ಲೆಕ್ಕ ಹಾಕುತ್ತೇನೆ. ನೀರಿಗೆ ಬಂದವರನ್ನು ಸಭೆಗೆ ಬಂದವರೆನ್ನಬಹುದೇ? ಹಾಗಂತ, ಅವರಿಗೆ ಊರಿನ ಗೊಡವೆಯೇ ಇಲ್ಲ ಎನ್ನುವುದಾದರೂ ಹೇಗೆ?

ಅಷ್ಟರಲ್ಲಿ ಮೇಲಿನ ಬೀದಿಯ ಶಾಲಿನಿ ಬಿಂದಿಗೆ ಹಿಡಿದು ಇಳಿದು ಬರುತ್ತಾಳೆ. ಮದ್ದೂರಿನಲ್ಲಿ ಡಿಗ್ರಿ ಓದುವ ಹುಡುಗಿ. ನಮ್ಮ ಮಾತು ಅವಳ ಕಿವಿಗೆ ಬಿದ್ದಿದೆ.

"ನೀನು ನೀರ್ ನಿಲ್ಸಿದ್ಯಲ್ಲ, ಅದ್ಕೂ ಹಿಂದಿನ ಸಭೆಗೆ ನಾನ್ ಬಂದಿದ್ನಲ್ಲ ತಾತ. ಪೈಪಿಂದು ಕೇಳಣ ಅಂತ ಎದ್ನಿಂತ್ರೆ, 'ಕೂತ್ಕೊ ಕಣಮ್ಮ, ದೊಡ್ಡೋರವ್ರೆ' ಅಂದ್ಬುಟ್ರು. ಬರೀ ತಲೆ ಎಣ್ಸಕ್ಕೆ ನಾವ್ಯಾಕೆ ಬರ್ಬೇಕು?"

"ಅಂಗಂದೋನು ಯಾವನವ್ವ?"

"ನೀನೇ ಕಣ್ ತಾತ! ಕುರ್ಚಿ ಜೋಡ್ಸ್ತಾ ಅಂದೆ."

ಕೆಂಪಸಿದ್ದಯ್ಯ ತಲೆಯ ಟವಲು ಬಿಚ್ಚಿ ಕೊಡವುತ್ತಾರೆ, ಮತ್ತೆ ಸುತ್ತಿಕೊಳ್ಳುತ್ತಾರೆ. ಶಾಲಿನಿಯ ಬಿಂದಿಗೆಯನ್ನು ಟ್ಯಾಂಕಿನ ಬುಡದ ನಲ್ಲಿಗಿಟ್ಟು ತುಂಬಿಸುತ್ತಾರೆ. ಆಮೇಲೆ ತಾವೇ ಅದನ್ನೆತ್ತಿ ಅವಳ ಸೊಂಟಕ್ಕಿಡುತ್ತಾ, "ಸುಕ್ರವಾರ ಸಭೆ ಅದೆ. ಮೊದ್ಲು ಹುಡುಗ್ರು ಹುಡ್ಗೀರೇ ಮಾತಾಡದು ಅಂತ ಮೈಕಲ್ಲಿ ಕೂಗ್ತೀನಿ, ಬಂದೀಯಾ?" ಅನ್ನುತ್ತಾರೆ.

"ಮೊದ್ಲು ಕೂಗು, ನೋಡಣ" ಅಂದು ಅವಳು ಏರು ಹತ್ತುತ್ತಾಳೆ.

"ಪಂಚಾಯ್ತೇರು ಅದ್ಕೂ ಬೈತಾರೋ ಏನೋ. ಬೈಲಿ ಬುಡಿ" ಎಂದು ಕೆಂಪಸಿದ್ದಯ್ಯ ವಾಲ್ವಿನತ್ತ ತಿರುಗುತ್ತಾರೆ. "ಅವತ್ತು ನೀರಂತೂ ನಿಲ್ಸಕಿಲ್ಲ ಸಾರ್. ಅದೂ ಬರ್ಲಿ, ಹುಡುಗ್ರೂ ಬರ್ಲಿ. ಎರ್ಡೂ ಒಟ್ಗೆ ನಿಂತಿದ್ನ ನಾನಿನ್ನೂ ನೋಡಿಲ್ಲ."