ಎದುರುಮನೆಯ ತಂಪು

ಅವರ ಒಂದು ಹುಬ್ಬು ಸದಾ ಅರ್ಧ ಸುಟ್ಟಿರುತ್ತಿತ್ತು. ತಾವೇ ಕಟ್ಟಿದ ಒಲೆಯೊಳಗೆ ಇಣುಕಿ, ಬೆಂಕಿ ಎತ್ತ ಎಳೆಯುತ್ತದೆಂದು ನೋಡುವ ಚಟ ನಮ್ಮ ಎದುರುಮನೆಯ ಡ್ರಾಯಿಂಗ್ ಮಾಸ್ತರಿಗೆ.

ಸಾಗರದಲ್ಲಿ ಇಬ್ಬರೂ ಒಂದೇ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೆವು. ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಮಾಡಿದವನು ನಾನು. ತಾರಸಿ ಮನೆ ಕಟ್ಟಿದವನೂ ನಾನೇ. ಅದೇ ವರ್ಷ ಅವರು ಮಣ್ಣಿಗೆ ಚೂರು ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿದ ಇಟ್ಟಿಗೆಯಿಂದ ಮನೆ ಎಬ್ಬಿಸಿದರು. ಗೋಡೆ ಏಳುವಾಗ ಊದುಬತ್ತಿ ಹಚ್ಚಿಕೊಂಡು ಮೂಲೆ ಮೂಲೆ ತಿರುಗುತ್ತಿದ್ದರು. ಭಾರಿ ದೈವಭಕ್ತರು ಅಂದುಕೊಂಡಿದ್ದೆ. ಹೊಗೆ ವಾಲಿದ ಕಡೆ ಕಿಟಕಿ ಇಡಿಸುತ್ತಿದ್ದರಷ್ಟೆ. ಗಾಳಿಗೂ ಒಂದು ದಾರಿ ಬಿಡಬೇಕು ಅನ್ನುವುದು, ನನ್ನ ತಾರಸಿ ನೋಡಿ ನಗುವುದು.

ಅಪ್ಪ ಅಮ್ಮ ಇಲ್ಲದ ತಂಗಿಯನ್ನು ಸಾಕಿದವನು ನಾನು. ಅವಳೋ ಮಧ್ಯಾಹ್ನವಾದರೆ ಪುಸ್ತಕ ಹಿಡಿದು ಅಲ್ಲಿಗೆ ಓಡುತ್ತಿದ್ದಳು. ಒಮ್ಮೆ ಗದರಿದೆ.

"ನಿನ್ ಮನೆ ನೋಡಕ್ಕೆ ಚಂದ ಅಣ್ಣ. ಕೂರಕ್ಕೆ ಆಗಲ್ಲ" ಅಂದಳು.

ಹೊಸನಗರದವರು ಅವಳನ್ನು ನೋಡಲು ಬಂದದ್ದು ಕಡುಬೇಸಿಗೆಯಲ್ಲಿ. ಕರೆಂಟು ಹೋಯಿತು. ಮೇಲಿಂದ ತಾರಸಿಯ ಕಾವು, ಒಳಗಿಂದ ಒಲೆಯ ಹೊಗೆ. ಹುಡುಗಿಯ ಮುಖ ನೋಡುವ ಮೊದಲೇ ಗಂಡಿನ ತಂದೆ ಕೆಮ್ಮುತ್ತ ಎದ್ದುಬಿಟ್ಟರು. ಅಷ್ಟರಲ್ಲಿ ಮಾಸ್ತರು ಬಾಗಿಲಿಗೆ ಬಂದರು.

"ಇಲ್ಯಾಕೆ ಬೇಯ್ತೀರಿ ಮಾರಾಯ್ರೆ, ನಮ್ಮನೆಗೆ ಬನ್ನಿ."

ಎಲ್ಲರೂ ರಸ್ತೆ ದಾಟಿದರು. ಅಲ್ಲಿನ ಹೊಗೆಯಿಲ್ಲದ ಒಲೆಯಲ್ಲಿ ತಂಗಿಯೇ ಕಾಫಿ ಮಾಡಿದಳು. ಮಾತು ಅಲ್ಲೇ ಕುದುರಿತು. ಮನೆ ಯಾರದೋ ಯಜಮಾನಿಕೆ ಅವರದೆಂಬ ರೂಢಿಯಲ್ಲಿ, ಗಂಡಿನ ತಂದೆ ಒಪ್ಪಿಗೆಯ ತಾಂಬೂಲವನ್ನು ಮಾಸ್ತರತ್ತ ಚಾಚಿದರು. ನಾನು ಆಗಲೇ ಕೈ ಮುಂದೆ ಮಾಡಿದ್ದೆ.

"ನಂಗಲ್ಲ, ಅವ್ರಿಗೆ ಕೊಡಿ. ಸಾಕಿದ್ದು ಅವ್ರು" ಅಂದರು ಮಾಸ್ತರು.

ಅದನ್ನೂ ಅವರೇ ಹೇಳಬೇಕಿತ್ತೆ?

ಮದುವೆಗೆ ನಾನು ಕೊಟ್ಟ ಕಬ್ಬಿಣದ ಬೀರು ಒಳಕೋಣೆ ಸೇರಿತು. ಮಾಸ್ತರು ಹೊಸನಗರಕ್ಕೆ ಹೋಗಿ ಕಟ್ಟಿಕೊಟ್ಟ ಒಲೆಯನ್ನು ಅವಳು ಬಂದವರಿಗೆಲ್ಲ ಕರೆದು ತೋರಿಸುತ್ತಿದ್ದಳು. ನನಗೂ ತೋರಿಸಿದಳು.

ಮಾಸ್ತರು ತೀರಿಕೊಂಡ ದಿನ ತಂಗಿ ಬಸ್ಸಿಳಿದವಳು ನನ್ನ ಗೇಟು ದಾಟಿ ನೇರ ಎದುರುಮನೆಗೆ ಹೋದಳು. ಅವಳು ಅಷ್ಟು ಅತ್ತದ್ದನ್ನು ನಾನು ಕಂಡಿರಲಿಲ್ಲ. ಸತ್ತವರ ಮೇಲೂ ಹೊಟ್ಟೆಕಿಚ್ಚು ಪಡಬಹುದೆಂದು ಅಂದು ತಿಳಿಯಿತು. ಎಲ್ಲ ಮುಗಿದು, ಸ್ನಾನ ಮಾಡಿ, ಸಂಜೆ ಬಂದು ನನ್ನ ಪಕ್ಕ ಕೂತಳು.

"ಇನ್ನು ತವರು ಅಂತ ನಂಗೆ ನೀನೊಬ್ನೆ ಅಣ್ಣ" ಅಂದಳು.

ಅಲ್ಲಿಯವರೆಗೂ ನಾನೊಬ್ಬನೇ ಎಂದುಕೊಂಡಿದ್ದೆ.